ಸಣ್ಣ ನಾಯಿಗೂ ನಾಲ್ಕು ಮಾತು ಬೇಕು

ತೋಟದ ಮನೆಗಳಲ್ಲಿ ಈಗ ಸಣ್ಣ ಜಾತಿಯ ನಾಯಿಗಳು ಕಾಣಸಿಗುವುದು ಜಾಸ್ತಿ. ಪೇಟೆಯಲ್ಲಿರುವ ಮಗನೋ ಮಗಳೋ ಸಾಕಲಾಗದೆ ತಂದುಬಿಟ್ಟದ್ದು ಕೆಲವು, ಆಸೆಪಟ್ಟು ಕೊಂಡುತಂದದ್ದು ಕೆಲವು. ನಾವು ಪೊಮೆರೇನಿಯನ್ ಅಂತ ಕರೆಯುವುದರಲ್ಲಿ ಹೆಚ್ಚಿನವು ನಿಜಕ್ಕೆ ಇಂಡಿಯನ್ ಸ್ಪಿಟ್ಜ್. ತೂಕ 5-7 ಕಿಲೋ. ಇನ್ನು ಉದ್ದ ಬೆನ್ನು, ಗಿಡ್ಡ ಕಾಲಿನ ಡ್ಯಾಶ್‌ಹುಂಡ್. ಇವು ಬಂದ ಮನೆಗಳಲ್ಲೆಲ್ಲ ನಾನು ನೋಡಿದ ಒಂದು ಸಂಗತಿ: ದೊಡ್ಡ ನಾಯಿಯನ್ನು ಹದ್ದುಬಸ್ತಿನಲ್ಲಿಡುವವರೂ ಸಣ್ಣದಕ್ಕೆ ಏನೂ ಕಲಿಸುವುದಿಲ್ಲ. ‘ಇಷ್ಟುದ್ದದ ನಾಯಿ, ಅದೆಂತ ಮಾಡೀತು?’ ಅನ್ನುತ್ತಾರೆ.

ಅದು ಏನು ಮಾಡೀತು ಅನ್ನುವುದಕ್ಕಿಂತ ಅದಕ್ಕೆ ಏನಾದೀತು ಅಂತ ಯೋಚಿಸಬೇಕು. ನಮ್ಮ ತೋಟ ಪೇಟೆಯ ಮನೆಯಂತಲ್ಲ. ಇಲಿಗೆ ಇಟ್ಟ ಪಾಷಾಣ ಇದೆ, ಬಸವನಹುಳಕ್ಕೆ ಹಾಕಿದ ಮೆಟಾಲ್ಡಿಹೈಡ್ ಗುಳಿಗೆ ಇದೆ. ಆ ಗುಳಿಗೆಯ ವಾಸನೆ ನಾಯಿಗೆ ಇಷ್ಟ, ಹುಡುಕಿಕೊಂಡು ತಿನ್ನುತ್ತದೆ. 25 ಕಿಲೋದ ನಾಯಿ ತಡೆದುಕೊಳ್ಳುವಷ್ಟು ವಿಷ 5 ಕಿಲೋದ ನಾಯಿಯನ್ನು ಕೊಂದೀತು. ಇಲಿಪಾಷಾಣದ ಝಿಂಕ್ ಫಾಸ್ಫೈಡಿಗೆ ಪ್ರತಿವಿಷವೇ ಇಲ್ಲ. ಕಾಡಂಚಿನಲ್ಲಿ ಹಂದಿಗೆಂದು ಯಾರೋ ಕದ್ದುಮುಚ್ಚಿ ಇಟ್ಟ ಸಿಡಿಮದ್ದಿನ ಉಂಡೆ, ಬೇಲಿಯ ಉರುಳು, ಕಟ್ಟಪುಣಿಯ ಮೇಲೆ ಹೆಡೆಯೆತ್ತಿದ ನಾಗರ, ಮುಸ್ಸಂಜೆ ಅಂಗಳದ ಬದಿಗೆ ಬರುವ ಚಿರತೆ - ಇವಕ್ಕೆಲ್ಲ ಸಣ್ಣ ನಾಯಿ ಸುಲಭದ ತುತ್ತು. ಅದಕ್ಕೆ ಮಾತ್ರ ತಾನು ಸಣ್ಣದು ಅಂತ ಗೊತ್ತಿಲ್ಲ! ಡ್ಯಾಶ್‌ಹುಂಡನ್ನಂತೂ ಜರ್ಮನಿಯವರು ತಳಿ ಮಾಡಿದ್ದೇ ಬಿಲಕ್ಕೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಹಿಡಿಯಲಿಕ್ಕೆ. ಮಾಟೆ ಕಂಡರೆ ಅದು ಮೂಗು ತೂರಿಸದೆ ಬಿಡುವುದಿಲ್ಲ.

ಹಿಂದೆ ನಮ್ಮ ಮನೆಗಳಲ್ಲಿ ನಾಯಿಗೆ ಇದ್ದದ್ದು ಎರಡೇ ಮಾತು: ‘ಛೂ’ ಮತ್ತು ‘ಹಚ್ಚಾ’. ಒಂದು ಮುಂದಕ್ಕೆ ಬಿಡಲಿಕ್ಕೆ, ಇನ್ನೊಂದು ಅಟ್ಟಲಿಕ್ಕೆ. ತಡೆಯುವ ಮಾತು, ಹಿಂದಕ್ಕೆ ಕರೆಸುವ ಮಾತು ಹೆಚ್ಚಿನ ಕಡೆ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ತೋಟದ ಸಣ್ಣ ನಾಯಿಗೆ ಬಾ, ಬಿಡು, ನಿಲ್ಲು, ಕೂರು ಇಷ್ಟು ಬಂದರೆ ಧಾರಾಳ ಸಾಕು. ಕೈ ಕುಲುಕುವುದು, ಎರಡು ಕಾಲಲ್ಲಿ ನಿಲ್ಲುವುದು ಬೇಡ. ಉದ್ದ ಬೆನ್ನಿನ ಡ್ಯಾಶ್‌ಹುಂಡಿಗೆ ಹಾಗೆ ನಿಲ್ಲಿಸುವುದು, ಜಗಲಿಯಿಂದ ಹಾರಿಸುವುದು ಬೆನ್ನುಹುರಿಗೇ ಕೇಡು.

ಭಾಷೆ ಯಾವುದು? ‘ಸಿಟ್’, ‘ಕಮ್’ ಅಂತಲೇ ಹೇಳಬೇಕು, ಜಾತಿನಾಯಿಗೆ ಇಂಗ್ಲಿಷ್ ಮಾತ್ರ ತಿಳಿಯುವುದು ಎಂಬ ಭ್ರಮೆ ಕೆಲವರಿಗೆ ಉಂಟು. ಮಾರಾಯ್ರೆ, ನಾಯಿಗೆ ಯಾವ ಭಾಷೆಯೂ ಇಲ್ಲ. ಸದ್ದು ಮತ್ತು ಅದರ ಬೆನ್ನಿಗೆ ಸಿಗುವ ಫಲ ಅಷ್ಟೇ. ಕೆಲಸದವರು ತುಳುವಿನವರಾದರೆ ‘ಬಲ’, ‘ಕುಲ್ಲು’, ‘ಉಂತು’ ಅಂತಲೇ ಕಲಿಸಿ, ಅಡ್ಡಿಯಿಲ್ಲ. ಮನೆಮಂದಿಯೆಲ್ಲ ಒಂದೇ ಮಾತು ಬಳಸಬೇಕು, ಅದು ಮುಖ್ಯ. ಅಜ್ಜಿ ‘ಹಚ್ಚಾ’ ಅಂದು, ಮೊಮ್ಮಗ ‘ಕಮ್’ ಅಂದು, ಯಜಮಾನ ಶಿಳ್ಳೆ ಹಾಕಿದರೆ ನಾಯಿ ಯಾವುದನ್ನು ಹಿಡಿಯಬೇಕು?

‘ಬಾ’ ಎನ್ನುವುದಕ್ಕೆ ಒಂದು ತೊಡಕಿದೆ. ಮನೆಯಲ್ಲಿ ದಿನಕ್ಕೆ ನೂರು ಸಲ ಯಾರಿಗಾದರೂ ‘ಬಾ’ ಅನ್ನುತ್ತಲೇ ಇರುತ್ತೇವೆ. ಕೇಳಿ ಕೇಳಿ ನಾಯಿಗೆ ಅದು ಬರೀ ಗದ್ದಲವಾಗುತ್ತದೆ. ಹಾಗಾಗಿ ಹೆಸರು ಸೇರಿಸಿ ‘ಜಿಮ್ಮಿ, ಬಾ’ ಅನ್ನಿ. ಕಲಿಸುವ ಕ್ರಮ ಸುಲಭ. ಮೊದಲು ಜಗಲಿಯಲ್ಲಿ, ನಾಲ್ಕು ಹೆಜ್ಜೆ ದೂರದಿಂದ. ಕುಕ್ಕರಗಾಲಿನಲ್ಲಿ ಕೂತು ಕರೆಯಿರಿ. ಸಣ್ಣ ನಾಯಿಗೆ ಬಾಗಿ ನಿಂತ ಮನುಷ್ಯ ಮರದ ಹಾಗೆ ಕಾಣುತ್ತಾನೆ, ಹೆದರುತ್ತದೆ. ಬಂದ ಕೂಡಲೇ, ಅಂದರೆ ಒಂದು ಸೆಕೆಂಡಿನೊಳಗೆ, ಬಾಯಿಗೆ ತುಣುಕು ಕೊಡಿ. ದೋಸೆಯ ಚೂರು, ಬೇಯಿಸಿದ ಮೊಟ್ಟೆ, ಏನೂ ಆದೀತು. ಕಡಲೆಕಾಳಿನಷ್ಟು ಸಾಕು, ಅದರ ಹೊಟ್ಟೆಯೇ ಅಷ್ಟು. ನೀರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬೇಡಿ, ಅವು ನಾಯಿಗೆ ವಿಷ. ಐದು ನಿಮಿಷ, ದಿನಕ್ಕೆ ಎರಡು ಸಲ. ಅಂಗಳದಲ್ಲಿ ಸರಿಯಾದ ಮೇಲೆ ಉದ್ದ ಹಗ್ಗ ಕಟ್ಟಿ ತೋಟಕ್ಕೆ ಒಯ್ಯಿರಿ. ಕುತ್ತಿಗೆಗೆ ಹಗ್ಗ ಹಾಕಿ ಜಗ್ಗಬಾರದು, ಸಣ್ಣ ಜಾತಿಗಳ ಉಸಿರುನಾಳ ನಾಜೂಕು. ಎದೆಗೆ ಕಟ್ಟುವ ಪಟ್ಟಿ ಸಿಗುತ್ತದೆ.

ಇಲ್ಲಿ ಬಹಳ ಮಂದಿ ಕೆಲಸ ಕೆಡಿಸುವುದು ಒಂದೇ ಜಾಗದಲ್ಲಿ. ಕೋಳಿ ಅಟ್ಟಿದ ನಾಯಿಯನ್ನು ‘ಬಾ’ ಅಂತ ಕರೆಯುತ್ತಾರೆ, ಬಂದ ಮೇಲೆ ಎರಡು ಬಿಗಿಯುತ್ತಾರೆ. ನಾಯಿ ಲೆಕ್ಕ ಹಾಕುವುದು ಕೋಳಿಯದ್ದಲ್ಲ, ಬಂದದ್ದರದ್ದು. ಮುಂದಿನ ಸಲ ಹಾವಿನೆದುರು ನಿಂತಾಗ ಕರೆದರೆ ಅದು ಬರುವುದಿಲ್ಲ, ಅಷ್ಟೇ. ಸ್ನಾನಕ್ಕೋ ಚುಚ್ಚುಮದ್ದಿಗೋ ಬೇಕಾದರೆ ನೀವೇ ಹೋಗಿ ಎತ್ತಿಕೊಳ್ಳಿ, ‘ಬಾ’ ಅನ್ನುವ ಮಾತು ಹಾಳು ಮಾಡಬೇಡಿ.

‘ಬಿಡು’ ಕಲಿಸಲು ಮುಷ್ಟಿಯೊಳಗೆ ತಿಂಡಿ ಹಿಡಿದು ಮೂಗಿನ ಮುಂದೆ ಒಡ್ಡಿ. ನೆಕ್ಕುತ್ತದೆ, ಪರಚುತ್ತದೆ. ಸುಮ್ಮನಿರಿ. ಬೇಸತ್ತು ಮೂಗು ಹಿಂದಕ್ಕೆ ತೆಗೆದ ಕ್ಷಣ ಇನ್ನೊಂದು ಕೈಯಿಂದ ಬೇರೆ ತುಣುಕು ಕೊಡಿ. ಕೆಲವು ದಿನಗಳಲ್ಲಿ ಮುಷ್ಟಿ ಕಂಡರೆ ತಾನೇ ಹಿಂದೆ ಸರಿಯುತ್ತದೆ. ಆಗ ‘ಬಿಡು’ ಸೇರಿಸಿ. ಆಮೇಲೆ ನೆಲದ ಮೇಲೆ, ಆಮೇಲೆ ತೋಟದಲ್ಲಿ. ಬಿಟ್ಟದ್ದನ್ನು ಯಾವತ್ತೂ ತಿನ್ನಲು ಕೊಡಬಾರದು, ಪ್ರತಿಫಲ ಬೇರೆಯದೇ ಇರಲಿ. ಇದು ಬಂದರೂ ಪಾಷಾಣ ಇಟ್ಟ ದಿನ ನಾಯಿಯನ್ನು ಕಟ್ಟಿಹಾಕಲೇಬೇಕು. ನಮ್ಮ ಕಣ್ತಪ್ಪಿಸಿ ತಿನ್ನುವುದಕ್ಕೆ ಯಾವ ಮಾತೂ ಅಡ್ಡ ಬಾರದು.

‘ಕೂರು’ ಎಲ್ಲಕ್ಕಿಂತ ಬೇಗ ಬರುತ್ತದೆ. ತಿಂಡಿಯನ್ನು ಮೂಗಿನಿಂದ ತಲೆಯ ಹಿಂದಕ್ಕೆ ಸರಿಸಿದರೆ ಅಂಡು ತಾನಾಗಿ ನೆಲಕ್ಕೆ ತಾಗುತ್ತದೆ. ‘ನಿಲ್ಲು’ ಮಾತ್ರ ತಾಳ್ಮೆಯದ್ದು. ಮೊದಲು ಹೊತ್ತು ಹೆಚ್ಚಿಸಿ, ಮತ್ತೆ ದೂರ, ಎರಡನ್ನೂ ಒಟ್ಟಿಗೆ ಹೆಚ್ಚಿಸಿದರೆ ಎರಡೂ ಕೆಡುತ್ತದೆ. ಕಳೆ ಕೊಚ್ಚುವ ಯಂತ್ರ ಚಾಲೂ ಆದಾಗ ಹಿಂದೆಯೇ ಓಡುವ ನಾಯಿಗಳಿದ್ದಾವೆ. ಅಂಥ ಮನೆಯವರಿಗೆ ಈ ಮಾತಿನ ಬೆಲೆ ಗೊತ್ತು. ಮಾತು ಪಳಗಿದ ಮೇಲೆ ಪ್ರತಿ ಸಲ ತಿಂಡಿ ಬೇಡ. ನಾಲ್ಕು ಸಲಕ್ಕೊಮ್ಮೆ, ಒಮ್ಮೆ ಎರಡು ಸಲಕ್ಕೆ, ಹೀಗೆ ಲೆಕ್ಕ ಸಿಗದಂತೆ ಕೊಟ್ಟರೆ ಇನ್ನೂ ಗಟ್ಟಿಯಾಗುತ್ತದೆ.

ಬೊಗಳುವುದನ್ನು ಪೂರ್ತಿ ನಿಲ್ಲಿಸಬೇಕು ಅಂತ ನಾನು ಹೇಳುವುದಿಲ್ಲ. ಒಂಟಿ ಮನೆಗೆ ಅದೇ ಗಂಟೆ. ಆದರೆ ಕೊಯ್ಲಿಗೆ ಬಂದವರ ಹಿಮ್ಮಡಿ ಕಚ್ಚುವುದನ್ನು ‘ಸಣ್ಣದಲ್ವಾ’ ಅಂತ ನಗಾಡಿ ಬಿಡುವುದು ಸರಿಯಲ್ಲ. ಇರುವ ನಾಲ್ಕು ಜನ ಕೆಲಸದವರು ಬರುವುದು ನಿಂತರೆ ನಷ್ಟ ಯಾರಿಗೆ? ಸಣ್ಣ ಹಲ್ಲಿನಿಂದಲೂ ರೇಬೀಸ್ ಬರುತ್ತದೆ. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿಗೆ ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ಮತ್ತೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ವಿಚಾರಿಸಿಕೊಳ್ಳಿ.

ಮರಿ ತಂದು ಎಂಟು ವಾರ ಆಗಿದ್ದರೆ ಇವತ್ತೇ ಸುರು ಮಾಡಬಹುದು. ಏಳೆಂಟು ವರ್ಷದ್ದಾದರೂ ಕಲಿಯುತ್ತದೆ, ಸ್ವಲ್ಪ ಹೆಚ್ಚು ದಿನ ಹಿಡಿದೀತು. ಬೆಳಗ್ಗೆ ಕಾಪಿಯ ಹೊತ್ತಿಗೆ ಜಗಲಿಯಲ್ಲಿ ಐದು ನಿಮಿಷ, ಅರ್ಧ ದೋಸೆಯ ಖರ್ಚು.