ತಪಾಸಣೆಯ ಥಾಲಿ ನಮಗೆ ಬೇಕೇ?



ಈಗೀಗ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಗಲ್ಲಾದಲ್ಲಿ ಉಸಿರು ಬಿಡುವ ಹೊತ್ತಿಗೆ ಬ್ಯಾಗು ನೇತುಹಾಕಿಕೊಂಡ ಹುಡುಗನೊಬ್ಬ ಬರುತ್ತಾನೆ. ಮಸಾಲೆ ಕಂಪೆನಿಯವನಲ್ಲ, ಲ್ಯಾಬಿನವನು. ಫುಲ್ ಬಾಡಿ ಚೆಕಪ್, ಎಂಬತ್ತು ಟೆಸ್ಟು, ಮನೆಗೇ ಬಂದು ರಕ್ತ ತೆಗೆಯುತ್ತೇವೆ, ರಿಪೋರ್ಟು ಮೊಬೈಲಿಗೆ, ಮನೆಯವರನ್ನೂ ಸೇರಿಸಿದರೆ ರಿಯಾಯಿತಿ. ನಮ್ಮ ಮುಂಬಯಿಯಲ್ಲಿ ಇದು ಈಗ ದೊಡ್ಡ ವ್ಯಾಪಾರ. ನಮ್ಮವರಲ್ಲಿ ಅನೇಕರು ಪ್ಯಾಕೇಜು ಕೊಂಡಿದ್ದಾರೆ.

ತಪಾಸಣೆಯೇ ಬೇಡ ಎನ್ನುವವರು ನಾವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಮೇಲೆ. ಬಿಪಿ ಇರುವವರು ವಯಸ್ಕರಲ್ಲಿ ಮೂವರಿಗೆ ಒಬ್ಬರು. ನಮ್ಮ ಕಸುಬಿನಲ್ಲಂತೂ ಹೇಳುವುದೇ ಬೇಡ. ಬಂದವರಿಗೆಲ್ಲ ಹೊತ್ತಿಗೆ ಸರಿಯಾಗಿ ಬಡಿಸುವ ನಾವು ಉಣ್ಣುವುದು ನಾಲ್ಕು ಗಂಟೆಗೆ, ಅದೂ ಗಲ್ಲಾದ ಮೇಲೊಂದು ಕಣ್ಣಿಟ್ಟು.

ಆದರೆ ಎಂಬತ್ತು ಟೆಸ್ಟು ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಹೋಟೆಲಿನವರಿಗೆ ಇದು ಬೇಗ ಅರ್ಥವಾಗಬೇಕು. 1996ರಲ್ಲಿ ವೇಲುಮಣಿಯವರು ಮುಂಬಯಿಯಲ್ಲಿ ಥೈರೋಕೇರ್ ಕಟ್ಟಿದ್ದು ನಮ್ಮ ಬೇಸ್ ಕಿಚನ್ ಕ್ರಮದಲ್ಲೇ. ಊರೂರಿನ ರಕ್ತವನ್ನು ಒಂದೇ ದೊಡ್ಡ ಲ್ಯಾಬಿಗೆ ತರಿಸುವುದು, ಯಂತ್ರವನ್ನು ಖಾಲಿ ಕೂರಿಸದೆ ಓಡಿಸುವುದು. ಒಮ್ಮೆ ರಕ್ತ ಯಂತ್ರದೊಳಗೆ ಹೋದರೆ ಇನ್ನೊಂದು ಟೆಸ್ಟು ಸೇರಿಸಲು ಖರ್ಚು ಅಲ್ಪ. ನಾವು ಥಾಲಿಗೆ ಹಪ್ಪಳ, ಉಪ್ಪಿನಕಾಯಿ, ಎರಡು ಬಗೆ ಪಲ್ಯ ಸೇರಿಸಿ ಬಟ್ಟಲುಗಳ ಸಂಖ್ಯೆ ತೋರಿಸುವುದಿಲ್ಲವೇ? ಅದೇ ಲೆಕ್ಕ. ಇದು ಮೋಸವಲ್ಲ, ವ್ಯಾಪಾರ. ಆದರೆ ಗಿರಾಕಿಯ ಹೊಟ್ಟೆ ತುಂಬುವುದು ಅನ್ನ ಸಾರಿನಿಂದಲೇ.

ಇನ್ನೊಂದು ಮಾತು. ಆರೋಗ್ಯವಂತರಾದ 100 ಮಂದಿಯಲ್ಲಿ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೋ ಅದನ್ನೇ ನಾರ್ಮಲ್ ಎಂದು ಬರೆಯುವುದು ಬಹುಪಾಲು ಟೆಸ್ಟುಗಳ ಕ್ರಮ. ಉಳಿದ ಐದು ಮಂದಿಗೆ ಯಾವ ರೋಗವೂ ಇಲ್ಲ, ಆದರೂ ಅವರ ರಿಪೋರ್ಟಿನಲ್ಲಿ ಕೆಂಪು ಗುರುತು ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟು ಮಾಡಿಸಿದರೆ, ಗಟ್ಟಿಮುಟ್ಟಾದ 100 ಜನರಲ್ಲಿ ಸುಮಾರು 64 ಮಂದಿಗೆ ಒಂದಾದರೂ ಕೆಂಪು ಗುರುತು ಖಂಡಿತ. ಆಮೇಲೆ ಸ್ಪೆಷಲಿಸ್ಟು, ಸ್ಕ್ಯಾನು, ರಾತ್ರಿ ನಿದ್ದೆಯಿಲ್ಲ. ಕೈಗಡಿಯಾರವೇ ಸಕ್ಕರೆ ಅಳೆಯುತ್ತದೆ ಎಂದು ಮಾರುವವರೂ ಇದ್ದಾರೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಅದಕ್ಕೆ ಹಣ ಹಾಕುವ ಬದಲು ತೋಳಿಗೆ ಕಟ್ಟುವ ಒಳ್ಳೆಯ ಬಿಪಿ ಯಂತ್ರ ತಂದು ಗಲ್ಲಾದ ಕೆಳಗೆ ಇಟ್ಟುಕೊಳ್ಳಿ.

ನಮ್ಮ ನಿಜವಾದ ತಕರಾರು ಬೇರೆಯೇ ಇದೆ. ಈ ಪ್ಯಾಕೇಜೆಲ್ಲ ಗಲ್ಲಾದ ಈಚೆ ಬದಿಗೆ ಮಾತ್ರ. ಕಿಚನ್ನಿನೊಳಗೆ?

2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳ 4ನೇ ಪರಿಶಿಷ್ಟದಂತೆ ಆಹಾರ ಮುಟ್ಟುವ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು. ದೇಹ, ಕಣ್ಣು, ಚರ್ಮ ನೋಡಬೇಕು, ಟೈಫಾಯ್ಡಿನಂಥ ಹೊಟ್ಟೆಯ ರೋಗಗಳಿಗೆ ಲಸಿಕೆ ಹಾಕಿಸಬೇಕು, ದಾಖಲೆ ಇಡಬೇಕು. ಆದರೆ ಹುಡುಗರನ್ನು ಕಣ್ಣಿನಿಂದಲೂ ನೋಡದೆ ಹೆಸರಿನ ಪಟ್ಟಿ ತರಿಸಿಕೊಂಡು, ತಲೆಗೆ ಇಷ್ಟು ಎಂದು ಠಸ್ಸೆ ಒತ್ತಿ ಕೊಡುವವರು ಪೇಟೆಯಲ್ಲಿ ಇದ್ದಾರೆ. ಯಾರು, ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ, ಬಲ್ಲವರು ಬಲ್ಲರು. ಆ ಕಾಗದ ಇನ್‌ಸ್ಪೆಕ್ಟರಿಗೆ ಸಾಕಾಗಬಹುದು, ರೋಗಾಣುವಿಗೆ ಸಾಕಾಗುವುದಿಲ್ಲ.

ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಇದ್ದಳು. ಮೈಯಲ್ಲಿ ಯಾವ ಕಾಯಿಲೆಯೂ ಕಾಣುತ್ತಿರಲಿಲ್ಲ, ಆದರೆ ಹೊಟ್ಟೆಯಲ್ಲಿ ಟೈಫಾಯ್ಡ್ ರೋಗಾಣು. ಅವಳು ಕೆಲಸ ಮಾಡಿದ ಮನೆಗಳಲ್ಲಿ ಜ್ವರ. 1907ರಲ್ಲಿ ಹಿಡಿದು ಇರಿಸಿದರು, 1910ರಲ್ಲಿ ಇನ್ನು ಅಡುಗೆ ಮಾಡಕೂಡದೆಂದು ಮಾತು ತೆಗೆದುಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಸಂಬಳ ಕಡಿಮೆ. ಹೆಸರು ಬದಲಿಸಿ ಮತ್ತೆ ಅಡುಗೆಗೇ ಸೇರಿದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿಗೆ ರೋಗ ತಗಲಿತು, ಇಬ್ಬರು ಸತ್ತರು.

ಈ ಕತೆಯಲ್ಲಿ ಸಂಬಳದ ಮಾತನ್ನು ಗಮನಿಸಬೇಕು. ತಪಾಸಣೆ ಎಂದ ಕೂಡಲೇ ನಮ್ಮ ಹುಡುಗರು, ಊರಿನವರಾಗಲಿ ಒಡಿಶಾ ನೇಪಾಳದವರಾಗಲಿ, ಯಾಕೆ ತಪ್ಪಿಸಿಕೊಳ್ಳುತ್ತಾರೆ? ರಿಪೋರ್ಟು ಕೆಟ್ಟದಾಗಿ ಬಂದರೆ ಶೇಟ್ ಊರಿಗೆ ಕಳಿಸುತ್ತಾನೆ ಎಂಬ ಹೆದರಿಕೆ. ನಮ್ಮಲ್ಲಿ ಕಳೆದ ವರ್ಷ ಎಲ್ಲರ ಬಿಪಿ ನೋಡಿಸಿದಾಗ ಅಡುಗೆ ಭಟ್ಟರದ್ದು 170ರ ಮೇಲೆ ಬಂತು. ಅವರು ಮೊದಲು ಕೇಳಿದ್ದು ಮಾತ್ರೆಯ ಬಗ್ಗೆ ಅಲ್ಲ, "ಕೆಲಸ ಉಂಟಲ್ಲ?" ಎಂದು. ಉಂಟು ಎಂದು ನಾವು ಹೇಳಿದ ಮೇಲೆ ಉಳಿದವರೂ ತಾವಾಗಿ ಬಂದು ತೋಳು ಕೊಟ್ಟರು. ಭಟ್ಟರು ಈಗ ದಿನಕ್ಕೊಂದು ಮಾತ್ರೆ ನುಂಗಿ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಾರೆ. ಭೇದಿ, ಜ್ವರ, ಕೈಗೆ ಹುಣ್ಣು ಇದ್ದವನಿಗೆ ಸಂಬಳ ಕತ್ತರಿಸದೆ ರಜೆ ಕೊಟ್ಟರೆ ಮಾತ್ರ ಅವನು ನಿಜ ಹೇಳಿಯಾನು.

ಕಾನೂನೂ ಇದೇ ದಾರಿಗೆ ಬಂದಿದೆ. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತರುವಾಗ ಕೇಂದ್ರ ಸರಕಾರ, 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯನ್ನು ಮಾಲಕರೇ ಮಾಡಿಸಬೇಕು ಎಂದಿದೆ. ಹೇಗೂ ಖರ್ಚು ಬರುವುದೇ. ಹಾಗಾದರೆ ನಾಳೆ ಯಾರೋ ಮೂವತ್ತು ಹುಡುಗರಿಗೆ ಎಂಬತ್ತು ಟೆಸ್ಟಿನ ಥಾಲಿ ಕಟ್ಟಿಕೊಡುವ ಮೊದಲೇ ನಮಗೆ ಬೇಕಾದುದನ್ನು ನಾವೇ ಬರೆದು ದರ ಕೇಳಬಾರದೇಕೆ? ಡಾಕ್ಟರು ಖುದ್ದಾಗಿ ನೋಡುವುದು, ಬಿಪಿ, ಸಕ್ಕರೆ, ಟೈಫಾಯ್ಡ್ ಲಸಿಕೆ, ತಂಬಾಕು ಜಗಿಯುವವರ ಬಾಯಿ. ಮಿಕ್ಕದ್ದು ಡಾಕ್ಟರು ಬೇಕೆಂದರೆ. ತೊಂಡೆಕಾಯಿಯನ್ನು ಸಗಟಿನಲ್ಲಿ ಕೊಳ್ಳುವ ನಾವು ಇದನ್ನು ಚಿಲ್ಲರೆಯಲ್ಲಿ ಕೊಳ್ಳುವುದು ಯಾಕೆ? ಐವತ್ತು ಹೋಟೆಲು ಕೂಡಿದರೆ ಲ್ಯಾಬಿನವರು ನಾವು ಹೇಳಿದ ಹೊತ್ತಿಗೆ, ಮಧ್ಯಾಹ್ನ ಮೂರೂವರೆಗೆ, ನಮ್ಮ ಬಾಗಿಲಿಗೇ ಬಂದಾರು.

ನಮ್ಮ ಸಂಘವು ಎರಡು ಮೂರು ಲ್ಯಾಬುಗಳಿಂದ ಈ ಪಟ್ಟಿಗೆ ದರ ತರಿಸಿ ಮುಂದಿನ ಮಹಾಸಭೆಯಲ್ಲಿ ಇಡಬೇಕೆಂದು ನಾವು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇವೆ. ಒಪ್ಪಿಗೆಯಿರುವ ಸದಸ್ಯರು ತಮ್ಮಲ್ಲಿ ಎಷ್ಟು ಮಂದಿ ಕೆಲಸಕ್ಕಿದ್ದಾರೆ, ಅವರಲ್ಲಿ 40 ದಾಟಿದವರೆಷ್ಟು ಎಂದು ಬರೆದು ಕಚೇರಿಗೆ ಮುಟ್ಟಿಸಿದರೆ ದರ ಮಾತಾಡಲು ಅನುಕೂಲ.