ನಾಯಿ ಇದೆಯೆಂದು ಮನೆ ಇಲ್ಲವೇ?

ಕಳೆದ ಎರಡು ತಿಂಗಳಲ್ಲಿ ಮಂಗಳೂರು, ದೇರಳಕಟ್ಟೆ, ತೊಕ್ಕೊಟ್ಟು ಕಡೆ ಹನ್ನೊಂದು ಬಾಡಿಗೆ ಮನೆಗಳನ್ನು ವಿಚಾರಿಸಿದೆ. ಐದು ಕಡೆ ನನ್ನ ಹೆಸರು ಹೇಳಿದ ಮೇಲೆ ಮನೆ "ಈಗಷ್ಟೇ ಹೋಯಿತು". ಆ ಮಾತಿನ ಅರ್ಥ ಇದನ್ನು ಓದುವ ಪ್ರತಿಯೊಬ್ಬರಿಗೂ ಗೊತ್ತು, ನಾನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಆರು ಮನೆ ನಮ್ಮವರದ್ದೇ. ಅಲ್ಲಿ ಸಲಾಂ ಹೇಳಿ ಕೂರಿಸಿದರು, ಚಾ ಕೊಟ್ಟರು. ಹದಿನೇಳು ವರ್ಷ ಸೈನ್ಯದಲ್ಲಿದ್ದೆ ಎಂದಾಗ "ಮಾಶಾ ಅಲ್ಲಾಹ್, ನಮ್ಮ ಹುಡುಗ" ಎಂದು ಬೆನ್ನು ತಟ್ಟಿದರು. ಆಮೇಲೆ ನಾಯಿಯ ವಿಷಯ ಹೇಳಿದೆ. ಮನೆ ಅಲ್ಲಿಯೂ ಈಗಷ್ಟೇ ಹೋಯಿತು.

ಮೊದಲ ಐವರ ಮೇಲೆ ಬರೆಯಲು ನನಗೆ ಹೊಸದೇನೂ ಇಲ್ಲ. ಈ ಬರಹ ಆ ಆರು ಮಂದಿಗೆ, ಅವರಂತೆ ಬಾಡಿಗೆ ಮನೆ ಕಟ್ಟಿಟ್ಟಿರುವ ನಮ್ಮ ಎಲ್ಲ ಕುಟುಂಬಗಳಿಗೆ.

ನಾನು ಬಂಟ್ವಾಳ ತಾಲೂಕಿನವನು. ತರವಾಡು ಮನೆ ಪಾಲಾಗಿ ಅಣ್ಣನಿಗೆ ಹೋಗಿದೆ. ನಿವೃತ್ತಿಯಾದ ಮೇಲೆ ಸೈನ್ಯದ ಗೆಳೆಯನೊಬ್ಬನ ಮಾತಿಗೆ ತಾಳಮಲೆಗೆ ಬಂದೆ. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆ ಇದು. ಜಿಲ್ಲೆ ತಮಿಳು, ಮನೆಮಾತು ಹೆಚ್ಚಾಗಿ ಕನ್ನಡ. ಕ್ಯಾರೆಟ್, ಕೋಸು, ಬೆಳ್ಳುಳ್ಳಿ ಬೆಳೆಯುವ ಊರು. ಸುತ್ತ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಸ್ವಲ್ಪ ಜಮೀನು ಗುತ್ತಿಗೆಗೆ ಹಿಡಿದು, ಮನುಷ್ಯರ ಗದ್ದಲವಿಲ್ಲದ ಕಡೆ ಇದ್ದರೆ ತಲೆ ಸರಿಯಾದೀತು ಎಂದುಕೊಂಡೆ.

ತಲೆ ಸರಿಯಿರಲಿಲ್ಲ, ಅದನ್ನು ಹೇಳಲು ನನಗೆ ಈಗ ನಾಚಿಕೆಯಿಲ್ಲ. ಕಾಶ್ಮೀರದಲ್ಲಿ ಕಂಡದ್ದನ್ನು ಇಲ್ಲಿ ವಿವರಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು: ಬಾಗಿಲು ಜೋರಾಗಿ ಬಡಿದರೆ ನಾನು ನೆಲಕ್ಕೆ ಬೀಳುತ್ತಿದ್ದೆ, ನಿದ್ದೆಯಲ್ಲಿ ಹೆಂಡತಿಯ ಕೈ ತಿರುಚಿದ್ದೂ ಇದೆ. ವೈದ್ಯರು ಇದನ್ನು ಪಿಟಿಎಸ್‌ಡಿ ಎಂದರು. ಆಘಾತ ಕಳೆದುಹೋದರೂ ಮೈ ಅದನ್ನು ಬಿಡದೆ ಹಿಡಿದುಕೊಳ್ಳುವ ಕಾಯಿಲೆ. ಅಮೆರಿಕದ ಮನೋವೈದ್ಯರು 1980ರಲ್ಲಿ ಈ ಹೆಸರಿನಲ್ಲಿ ತಮ್ಮ ಪಟ್ಟಿಗೆ ಸೇರಿಸಿದರು. ನಮ್ಮ ಊರಲ್ಲಿ ಇದಕ್ಕೆ ಇನ್ನೂ "ಜಿನ್ನ್ ಹಿಡಿದಿದೆ" ಎಂದೇ ಹೆಸರು.

ತಾಳಮಲೆಯ ರಾತ್ರಿಯಲ್ಲಿ ಶಾಂತಿ ಇದೆ ಎಂದುಕೊಂಡದ್ದು ತಪ್ಪಾಯಿತು. ಆನೆ ಹೊಲಕ್ಕೆ ಇಳಿದರೆ ರೈತರು ಪಟಾಕಿ ಸಿಡಿಸುತ್ತಾರೆ. ಅವರ ತಪ್ಪಲ್ಲ, ವರ್ಷದ ಅನ್ನ ಅದು. ಆದರೆ ನಡುರಾತ್ರಿ ಎರಡು ಗಂಟೆಗೆ ಆ ಸದ್ದು ಕೇಳಿದರೆ ನಾನು ಮಂಚದ ಕೆಳಗೆ. ಅಂಥ ದಿನಗಳಲ್ಲಿ ಹೊಲದ ಬದುವಿನಲ್ಲಿ ಒಂದು ನಾಟಿ ಮರಿ ಸಿಕ್ಕಿತು. ನೆರೆಮನೆಯ ಮಕ್ಕಳು ಮಣಿ ಎಂದು ಕರೆದರು. ಹೊಲ ಕಾಯಲೆಂದು ಸಾಕಿದೆ, ಅಷ್ಟೇ. ಆದರೆ ಆನೆಯ ವಾಸನೆ ಅದಕ್ಕೆ ಎಲ್ಲರಿಗಿಂತ ಮೊದಲು ಸಿಗುತ್ತದೆ. ಅದು ಬೊಗಳಿತೆಂದರೆ ಇನ್ನು ಪಟಾಕಿ ಬರುತ್ತದೆ ಎಂದು ನನಗೆ ಗೊತ್ತಾಗುತ್ತದೆ, ಮೈ ಸಿದ್ಧವಾಗುತ್ತದೆ. ಪಟಾಕಿ ಸಿಡಿದ ಮೇಲೆ ಅದು ಬಂದು ನನ್ನ ಕಾಲಿಗೆ ಒತ್ತಿ ಕೂರುತ್ತದೆ. ನನ್ನ ಉಸಿರು ಸರಿಯಾಗುವವರೆಗೆ ಏಳುವುದಿಲ್ಲ. ಇದನ್ನು ನಾನು ಕಲಿಸಿದ್ದಲ್ಲ. ಔಷಧ ನಿಲ್ಲಿಸಿಲ್ಲ, ನಾಯಿ ಔಷಧಕ್ಕೆ ಬದಲಿಯೂ ಅಲ್ಲ. ಆದರೆ ಮಣಿ ಬಂದ ಮೇಲೆ ನಾನು ಹೆಂಡತಿಯ ಮೇಲೆ ಒಮ್ಮೆಯೂ ಕೈ ಹಾಕಿಲ್ಲ. ಇದಕ್ಕೆ ಅವಳೇ ಸಾಕ್ಷಿ.

ಈಗ ಮಗಳು ಪಿಯುಸಿ ಮುಗಿಸಿದ್ದಾಳೆ, ಮಂಗಳೂರಿನಲ್ಲಿ ಓದಬೇಕು. ನನಗೂ ಹತ್ತಿರದಲ್ಲಿ ಮನೋವೈದ್ಯರು ಬೇಕು. ಇಲ್ಲಿಂದ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವು ದಾಟಬೇಕು, ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ಹಾಗಾಗಿ ಮನೆ ಹುಡುಕಿದೆ. ಹುಡುಕಿದ್ದಕ್ಕೆ ಸಿಕ್ಕಿದ ಉತ್ತರ ಮೇಲೆ ಹೇಳಿದೆ.

ಕಾನೂನು ಏನು ಹೇಳುತ್ತದೆ? ಅಮೆರಿಕದಲ್ಲಿ ಮಾನಸಿಕ ಕಾಯಿಲೆ ಇರುವವನಿಗೆ ಆಸರೆಯಾಗಿರುವ ಪ್ರಾಣಿಯನ್ನು "ಸಾಕುಪ್ರಾಣಿ ನಿಷೇಧ" ಎಂಬ ಬೋರ್ಡು ತೋರಿಸಿ ಹೊರಗಿಡಲು ಸಾಮಾನ್ಯವಾಗಿ ಮನೆ ಮಾಲೀಕನಿಗೆ ಬರುವುದಿಲ್ಲ. ಅವರ ವಸತಿ ಕಾನೂನಿನಲ್ಲಿ ಅದು ಅಂಗವಿಕಲನ ಹಕ್ಕಿನ ಭಾಗ. 2021ರಲ್ಲಿ ಪಿಟಿಎಸ್‌ಡಿ ಇರುವ ಮಾಜಿ ಸೈನಿಕರನ್ನು ನಾಯಿ ತರಬೇತಿಯಲ್ಲಿ ತೊಡಗಿಸುವ ಯೋಜನೆಗೂ ಅಲ್ಲಿ ಕಾನೂನು ಬಂತು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಆದರೆ ಆಸರೆಯ ಪ್ರಾಣಿಯ ಹೆಸರು ಅದರಲ್ಲಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ, ಬಹುಮತವಿದ್ದರೂ ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದಿತು. ಕೇರಳ ಹೈಕೋರ್ಟು 2021ರಲ್ಲಿ ಅಂಥ ನಿಷೇಧದ ನಿಯಮಗಳು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಒಳಗೆ ಸೇರಿದವನಿಗೆ ಇವು ಆಸರೆ. ಆದರೆ ಬಾಗಿಲಲ್ಲೇ "ಬೇಡ" ಎನ್ನುವ ಮಾಲೀಕನನ್ನು ಇವು ತಡೆಯುವುದಿಲ್ಲ.

2022ರ ಜುಲೈಯಲ್ಲಿ ಬಾರಾಮುಲ್ಲಾದಲ್ಲಿ ಉಗ್ರರ ಗುಂಡಿಗೆ ಸತ್ತ ಆ್ಯಕ್ಸೆಲ್ ಎಂಬ ಸೈನ್ಯದ ನಾಯಿಗೆ ಮರಣೋತ್ತರ ಗೌರವ ಸಿಕ್ಕಿತು. ಸಿಗಬೇಕಾದದ್ದೇ. ಗಡಿಯಲ್ಲಿ ಸೈನಿಕನ ಪಕ್ಕ ನಾಯಿ ಬೇಕು, ಅವನು ಮನೆಗೆ ಬಂದ ಮೇಲೆ ಬೇಡ ಎಂದರೆ ಹೇಗೆ? ಆಸರೆಯ ಪ್ರಾಣಿಯನ್ನು ಸರಕಾರ 2016ರ ಕಾಯ್ದೆಯ ನಿಯಮಗಳಲ್ಲಿ ಸೇರಿಸಬೇಕು. ಅದು ಸರಕಾರದ ಕೆಲಸ, ಕೇಳುತ್ತಲೇ ಇರುತ್ತೇನೆ.

ಆದರೆ ಸರಕಾರ ಬರುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸ ನಮ್ಮ ಕೈಯಲ್ಲಿದೆ.

ಆ ಆರು ಮಂದಿ ಹೇಳಿದ ಕಾರಣಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಮೊದಲನೆಯದು ದೀನಿನ ಮಾತು. ನಾವು ಶಾಫಿಗಳು, ನಾಯಿಯ ಜೊಲ್ಲು ನಮಗೆ ನಜಸ್, ಏಳು ಸಲ ತೊಳೆಯಬೇಕು, ಒಮ್ಮೆ ಮಣ್ಣು ಬೆರೆಸಿ. ಒಪ್ಪಿದೆ. ನಮಾಝಿಗೆ ನನಗೆ ಬೇರೆ ಬಟ್ಟೆ, ಬೇರೆ ಕೋಣೆ ಇದೆ, ಮಣಿ ಆ ಹೊಸ್ತಿಲು ದಾಟುವುದಿಲ್ಲ. ಫತ್ವಾ ಕೊಡಲು ನಾನು ಉಸ್ತಾದ್ ಅಲ್ಲ. ಆದರೆ ಮದ್ರಸದಲ್ಲಿ ಕಲಿತದ್ದು ಮರೆತಿಲ್ಲ: ಬೇಟೆಗೆ, ಜಾನುವಾರಿಗೆ, ಹೊಲಕ್ಕೆ ನಾಯಿ ಸಾಕಲು ಅನುಮತಿಯಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನಿಗೆ ಅಲ್ಲಾಹನು ಕ್ಷಮೆ ಕೊಟ್ಟ ಕಥೆ ನಮ್ಮ ಹದೀಸಿನಲ್ಲೇ ಇದೆ. ಗುಹೆಯ ಯುವಕರ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಸೂರಾ ಅಲ್‌ಕಹ್ಫ್‌ನಲ್ಲಿ ಪ್ರತಿ ಶುಕ್ರವಾರ ಓದುವವರು ನಾವು. ನಜಸ್ ಎಂದರೆ ತೊಳೆಯಬೇಕಾದದ್ದು. ತೊಳೆದು ಹೋಗುವುದರ ಹೆಸರಿನಲ್ಲಿ ಒಬ್ಬ ರೋಗಿಗೆ ಸೂರು ಇಲ್ಲ ಎನ್ನಬಹುದೇ ಎಂದು ನಿಮ್ಮ ಪಳ್ಳಿಯ ಉಸ್ತಾದರನ್ನೇ ಕೇಳಿ. ಅವರ ಉತ್ತರಕ್ಕೆ ನಾನು ತಲೆ ಬಾಗುತ್ತೇನೆ.

ಎರಡನೆಯದು, ಮಕ್ಕಳು ಹೆದರುತ್ತಾರೆ, ಬೊಗಳುತ್ತದೆ, ಗಲೀಜು. ನ್ಯಾಯವಾದ ಮಾತು. ಅದಕ್ಕೆ ಷರತ್ತು ಹಾಕಿ. ರೇಬೀಸ್ ಚುಚ್ಚುಮದ್ದಿನ ಪುಸ್ತಕ ಕೇಳಿ. ಹೊರಗೆ ಹೋಗುವಾಗ ಚೈನು ಕಡ್ಡಾಯ ಎನ್ನಿ. ಅಂಗಳ ಗಲೀಜಾದರೆ ನಾನೇ ತೊಳೆಯಬೇಕು, ಬಾಗಿಲು ಕೆರೆದರೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ. ಮನೆ ಬಿಡುವಾಗ ಗೋಡೆಗೆ ಸುಣ್ಣ, ನೆಲಕ್ಕೆ ಏಳು ಸಲದ ನೀರು ನನ್ನ ಖರ್ಚಿನಲ್ಲಿ. ಸುಳ್ಳು ಕಾಗದದ ಭಯವಿದ್ದರೆ ಚಿಕಿತ್ಸೆ ಕೊಡುವ ವೈದ್ಯರ ಪತ್ರವನ್ನೇ ಕೇಳಿ. ಅಮೆರಿಕದಲ್ಲಿ ಅಂತರ್ಜಾಲದಲ್ಲಿ ದುಡ್ಡು ಕೊಟ್ಟು ಪ್ರಮಾಣಪತ್ರ ಕೊಂಡವರಿಂದಾಗಿ ನಿಜವಾದ ರೋಗಿಗಳ ಮೇಲೂ ಜನ ಸಂಶಯಪಡುವಂತಾಯಿತು. ಆ ತಪ್ಪು ಇಲ್ಲಿ ಬೇಡ.

ಮೂರನೆಯದನ್ನು ಒಬ್ಬರು ಬಹಳ ಮೆಲ್ಲಗೆ ಹೇಳಿದರು. "ಮನೆ ನಮ್ಮದಲ್ವಾ, ಯಾರಿಗೆ ಕೊಡಬೇಕು ಅಂತ ನಾವೇ ನೋಡೋದು." ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಇದು ನಾವು ಎಲ್ಲಿ ಕೇಳಿದ ಮಾತು? ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಮಕ್ಕಳು ವಾರಗಟ್ಟಲೆ ಮನೆ ಹುಡುಕುವಾಗ ಕೇಳುವ ಮಾತು ಇದೇ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಝೊರಾಸ್ಟ್ರಿಯನ್ ಸಹಕಾರಿ ವಸತಿ ಸಂಘ ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಇಟ್ಟುಕೊಳ್ಳಬಹುದು ಎಂದಾಗ, ಆ ತೀರ್ಪಿನ ನೆರಳು ಯಾರ ಮೇಲೆ ಬೀಳುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಾಡಿಗೆಗೆ ಬರುವವನನ್ನು ಅವನ ಹೆಸರಿನಿಂದ, ಅವನ ಅಡುಗೆಮನೆಯ ವಾಸನೆಯಿಂದ ಅಳೆಯಬೇಡಿ, ಅವನು ಬಾಡಿಗೆ ಕೊಡುತ್ತಾನೋ, ಮನೆ ಚೆನ್ನಾಗಿ ಇಟ್ಟುಕೊಳ್ಳುತ್ತಾನೋ ನೋಡಿ ಎಂದು ನಾವು ಊರಿಗೆಲ್ಲ ಹೇಳುತ್ತೇವೆ. ಸರಿಯಾಗಿಯೇ ಹೇಳುತ್ತೇವೆ. ಆದರೆ ಕೀಲಿ ನಮ್ಮ ಕೈಗೆ ಬಂದಾಗ ಅದೇ ಮಾತು ನಮ್ಮ ಬಾಯಿಂದ ಬಂದರೆ, ನಾಳೆ ಯಾವ ಮುಖದಿಂದ ಇನ್ನೊಬ್ಬರನ್ನು ಕೇಳುವುದು? ಹೆಸರು ಬೇರೆ, ನಾಯಿ ಬೇರೆ ಎಂದು ನನಗೂ ಗೊತ್ತು. ಹೆಸರಿಗೆ ಯಾವ ಷರತ್ತೂ ಇರಬಾರದು, ನಾಯಿಗೆ ಇರಬಹುದು. ಆದರೆ ಒಬ್ಬನ ಕಷ್ಟ ಏನೆಂದು ಪೂರ್ತಿ ಕೇಳುವ ಮೊದಲೇ ಬಾಗಿಲು ಹಾಕುವುದು ಎರಡೂ ಕಡೆ ಒಂದೇ.

ಉಮ್ಮ ಫೋನಿನಲ್ಲಿ ಹೇಳಿದರು, "ನಾಯಿಯನ್ನು ಅಲ್ಲೇ ಬಿಟ್ಟು ಬಾ ಮೋನೆ, ಮಗಳ ಓದು ಮುಖ್ಯ." ಅವರ ಮೇಲೆ ಕೋಪವಿಲ್ಲ. ಆದರೆ ಇಲ್ಲಿ ಬಿಟ್ಟ ನಾಯಿಯನ್ನು ಚಿರತೆ ಹೆಚ್ಚು ದಿನ ಬಿಡುವುದಿಲ್ಲ. ನನ್ನ ರಾತ್ರಿಗಳನ್ನು ಯಾರು ಕಾಯುವುದು ಎಂಬುದು ಬೇರೆ ಪ್ರಶ್ನೆ.

ನಮ್ಮ ಜಮಾಅತ್‌ಗಳಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡುವವರು, ಫ್ಲ್ಯಾಟ್ ಕಟ್ಟುವವರು ಕಡಿಮೆಯಿಲ್ಲ. ಒಂದು ಶುಕ್ರವಾರ ನಮಾಝಿನ ನಂತರ ಈ ವಿಷಯ ಮಾತಾಡಿ. ವೈದ್ಯರ ಪತ್ರ ತಂದವನಿಗೆ "ಬೇಡ" ಎನ್ನುವ ಮೊದಲು ಷರತ್ತು ಬರೆದು ಕೊಡುವ ಒಂದು ಪದ್ಧತಿ ಇಟ್ಟುಕೊಳ್ಳಿ. ಇವತ್ತು ನಾನು, ನಾಳೆ ಗಲ್ಫಿನಿಂದ ತಲೆ ಕೆಟ್ಟು ಬಂದ ನಿಮ್ಮದೇ ಮನೆಯ ಹುಡುಗ ಒಂದು ಬೆಕ್ಕನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿರಬಹುದು.

ಜೂನಿನಲ್ಲಿ ಮಗಳ ಕಾಲೇಜು ಶುರು. ನಮಗೆ ಎರಡು ಕೋಣೆ, ಒಂದು ಜಗಲಿ ಸಾಕು. ಹನ್ನೆರಡನೆಯ ಮನೆಯವರು ಇದನ್ನು ಓದುತ್ತಿದ್ದರೆ, ಷರತ್ತುಗಳ ಪಟ್ಟಿ ಮಾಡಿಟ್ಟುಕೊಳ್ಳಿ. ನಾನು ಓದದೆಯೇ ಸಹಿ ಹಾಕುತ್ತೇನೆ.