ನಮ್ಮ ಅಕ್ಷರಕ್ಕ ಯಾರ ಬೀಗ?

ನವೆಂಬರ್ ಒಂದಕ್ಕೆ ಬಾವುಟ ಏರಿಸಿ ಕನ್ನಡಕ್ಕಾಗಿ ಗಂಟಲು ಹರಿದುಕೊಳ್ಳುವ ಮಹನೀಯರಿಗೆ ಒಂದು ಪ್ರಶ್ನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೂಲಿಕಾರರ ಮಕ್ಕಳು ಒಂದು ಅರ್ಜಿ, ಒಂದು ಕವಿತೆ, ತಮ್ಮ ಕೇರಿಯ ನೀರಿನ ತಕರಾರು ಕಂಪ್ಯೂಟರಿನಲ್ಲಿ ಕನ್ನಡದಾಗ ಬರೀಬೇಕಂದ್ರ ಇವತ್ತಿಗೂ ಯಾಕೆ ಡಿಟಿಪಿ ಅಂಗಡಿ ಮುಂದೆ ಕೈಕಟ್ಟಿ ನಿಲ್ಲಬೇಕು?

ಅವರಿಗೆ ಬರಿಯಾಕ ಬರೂದಿಲ್ಲ ಅಂತಲ್ಲ. ಗೋವಾಕ್ಕೆ ದುಡಿಯಾಕ ಹೋದ ಅಣ್ಣನಿಗೆ ಫೋನಿನಾಗ ದಿನಾ ಕನ್ನಡದಲ್ಲೇ ಬರೀತಾರ. ಆ ಫೋನಿನ ಅಕ್ಷರ ಯೂನಿಕೋಡ್. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಕಾಯಂ ನಂಬರು ಕೊಡುವ ವ್ಯವಸ್ಥೆ ಅದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರೊಳಗೆ 128 ಮನೆಗಳ ಓಣಿ ಸಿಕ್ಕಿತು. ಊರ ಹೊರಗಲ್ಲ, ದೇವನಾಗರಿ, ತಮಿಳು, ತೆಲುಗಿನ ಸಾಲಿನಲ್ಲೇ!

ಅಂಗಡಿಯೊಳಗಿನ ಕನ್ನಡ ಬೇರೆ. ಅಲ್ಲಿ ನಡೆಯುವುದು ಹಳೆಯ ನುಡಿ ಫಾಂಟು. ಅದರ ಗುಟ್ಟು ಇಷ್ಟೇ: ಒಳಗೆ ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ನಂಬರು, ಮೇಲೆ ಕನ್ನಡದ ಅಂಗಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅಂಗಿ ಕಳಚಿ ಬೀಳ್ತದ. ಟೋಪಿ ಇಟ್ಟ ಎ, ಬಾಲ ಬಂದ ಸಿ, ಪೌಂಡಿನ ಗುರುತು, ಹಿಂಗ ಪುಟ ತುಂಬ ಕಸ. ಅದನ್ನು ಇಂಟರ್‌ನೆಟ್ಟಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಣ್ಣಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ.

ನುಡಿ ಕಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವ ತನಕ ವಿಂಡೋಸಿಗೆ ಕನ್ನಡವೇ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು, ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಪುಕ್ಕಟೆ ಕೊಟ್ಟಿತು. ಆ ನುಡಿಯೊಳಗೇ ಯೂನಿಕೋಡ್ ಬಂದೂ ವರ್ಷಗಳಾದವು. ಹಂಗಾದ್ರ ಹಳೇ ಫಾಂಟು ಯಾಕ ಸಾಯಲಿಲ್ಲ? ಪೇಜ್‌ಮೇಕರ್ ಕೇಳಿ ನೋಡ್ರಿ. ಅಡೋಬಿ ಕಂಪನಿ 2001ರಲ್ಲಿ ಅದರ 7.0 ಆವೃತ್ತಿ ಬಿಟ್ಟು ಕೈತೊಳೆದುಕೊಂಡಿತು, ಮುಂದೆ ಹೊಸದು ಬರಲಿಲ್ಲ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ಆ ಹೆಣವನ್ನು ಎಷ್ಟೋ ಮುದ್ರಕರು ಇನ್ನೂ ಹೊತ್ತು ತಿರುಗುತ್ತಾರೆ, ಹೆಣಕ್ಕೆ ಹೂವಿನ ಖರ್ಚು ನಮ್ಮದು.

ಖರ್ಚು ಅಂದೆ, ಲೆಕ್ಕ ಹೇಳ್ತೀನಿ. ಯೂನಿಕೋಡಿನಲ್ಲಿ ಕಳಿಸಿದ ನನ್ನ ಕವಿತೆಗಳನ್ನು ಒಂದು ಪತ್ರಿಕೆ 'ನುಡಿಯಲ್ಲಿ ಕಳಿಸಿ' ಅಂತ ವಾಪಸ್ ಮಾಡಿತು. ಪುಟಕ್ಕೆ 30 ರೂಪಾಯಿ ಕೊಟ್ಟು ಹೊಡೆಸಿದೆ. ಅದೇ ಹಸ್ತಪ್ರತಿಯನ್ನು ಇನ್ನೊಂದು ಕಡೆ ಆನ್‌ಲೈನ್ ಅರ್ಜಿಗೆ ಅಂಟಿಸಿದರೆ ಬರೀ ಕಸ. ಮತ್ತೆ ಅಂಗಡಿ, ಮತ್ತೆ ರೊಕ್ಕ. ಅಂಗಡಿಯವ ವೈರಿಯಲ್ಲ, ಡಿಗ್ರಿ ಮುಗಿಸಿ ನೌಕರಿ ಸಿಗದ ನಮ್ಮಂಥವನೇ. 'ಪರಿವರ್ತಕ ಅದಲ್ಲ, ಅದೂ ಪುಕ್ಕಟೆ' ಅಂತೀರಿ. ಅದ, ಖರೆ. ನಡುವೆ ಒಂದು ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಮಾಡಿ ಕೆಡಿಸ್ತದ, ಅರ್ಕಾವತ್ತು ಎಲ್ಲೋ ಹಾರಿ ಕೂಡ್ತದ. ಮನೆಯಲ್ಲಿ ಕಂಪ್ಯೂಟರ್ ಇದ್ದವನು ಕೂತು ತಿದ್ದಿಕೊಳ್ಳುತ್ತಾನೆ. ಇಲ್ಲದವಳು?

ಇದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿಯವರು ಮಠ-ಮನೆಗಳ ಗಂಟಿನೊಳಗಿದ್ದ ತಾಳೆಗರಿಗಳನ್ನು ಬಿಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು, ಅಚ್ಚಿನ ಮನೆಗಾಗಿ ಸ್ವಂತ ಮನೆ ಮಾರಿದರು. ಬಾಗೇವಾಡಿಯ ಬಸವಣ್ಣನ ಮಾತು ಜನರ ಕೈಗೆ ಬಂದದ್ದು ಹಾಗೆ ಗಂಟು ಬಿಚ್ಚಿದ್ದರಿಂದ. ನಾವು ಕಂಪ್ಯೂಟರಿನೊಳಗೆ ಮತ್ತೆ ಗಂಟು ಕಟ್ಟಾಕತ್ತೀವಿ.

ಇನ್ನೊಂದು ಸಿಟ್ಟೂ ಅದ. ಕವಿತೆಯೊಳಗೆ ಅವ್ವ 'ಹೊಂಟೀನಿ' ಅಂದರೆ ಕಂಪ್ಯೂಟರು ಕೆಳಗೆ ಕೆಂಪು ಗೆರೆ ಎಳೀತದ. 'ಹೊರಟಿದ್ದೇನೆ' ಅಂದರೆ ಮಾತ್ರ ಸರಿಯಂತೆ! ನಮ್ಮವ್ವ ಹುಟ್ಟಿದಾಗಿನಿಂದ ಯಾವತ್ತೂ 'ಹೊರಟಿದ್ದೇನೆ' ಅಂದಿಲ್ಲ, ಹೊಂಟೇ ಹೋಗ್ತಾಳ. ಇದರಲ್ಲಿ ಮಾಟವೇನಿಲ್ಲ. ಪದಪಟ್ಟಿ ಕಟ್ಟುವಾಗ ಯಾರ ಪುಸ್ತಕ ಮುಂದಿಟ್ಟುಕೊಂಡರೋ ಅವರ ಕನ್ನಡವೇ ಯಂತ್ರದ ಕನ್ನಡ. ಮಾಸ್ತರರು ನಮ್ಮ ಪಟ್ಟಿಪುಸ್ತಕದಲ್ಲಿ ಎಳೆದ ಕೆಂಪು ಗೆರೆ ಈಗ ಮಾಸ್ತರರಿಲ್ಲದೆಯೂ ಬೀಳ್ತದ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುವ ಹೆಂಗಸರ ಹಾಡನ್ನು ಅವರ ಮಾತಿನಲ್ಲೇ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಇವತ್ತು ಅದನ್ನು ಯಂತ್ರಕ್ಕೆ ಊಡಿಸಿ ನೋಡ್ರಿ, ಪುಟವೆಲ್ಲ ಕೆಂಪಾಗ್ತದ.

ಶಾಲೆಗಳ ಕಂಪ್ಯೂಟರ್ ಕೋಣೆಯ ಬೀಗ ತೆಗೀರಿ, ಮಾಸ್ತರರೇ. ಕೆ.ಪಿ. ರಾವ್ ಅವರ ಕೀಲಿಮಣೆ ಕಲಿಯಾಕ ವಾರ ಸಾಕು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಎಂಟನೇ ತರಗತಿಯ ಹುಡುಗಿ ಇಷ್ಟು ಕಲಿತರೆ ನಾಳೆ ಅವಳ ಅಪ್ಪನ ಅರ್ಜಿಯನ್ನು ಅವಳೇ ಬರೀತಾಳ. ಪದಪಟ್ಟಿಗೆ ನಮ್ಮ ಮಾತು ಸೇರಿಸುವ ಕೆಲಸ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಲಿ, ಸಂಬಳ ತಗೊಳ್ತಾರಲ್ಲ.

ಉಳಿದದ್ದು ನಮ್ಮ ಮನೆಯ ಜಗಳ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದಾಗ ಹಿರಿಯರು ಯಾರ ಕೈಬರಹ ಚಂದ ಅಂತ ನೋಡಲಿಲ್ಲ. ಈಗ ನಮ್ಮ ಪತ್ರಿಕೆಗಳೂ 'ನುಡಿಯಲ್ಲೇ ಕಳಿಸಿ' ಅನ್ನಾಕತ್ತಾವ. ಸಂಪಾದಕರೇ, ಮುಂದಿನ ಸಂಚಿಕೆಯ ಒಳರಕ್ಷಾಪುಟದಲ್ಲಿ ಆ ಸಾಲು ತೆಗೆದು 'ಕೈಬರಹ ಅಥವಾ ಯೂನಿಕೋಡ್' ಅಂತ ಹಾಕ್ರಿ.